ದುಬೈ ಕಡಲತೀರದಲ್ಲಿ ಮನೆ: ಮುಂಗಡ ಕೊಡುವ ಮುನ್ನ ಓದಿಕೊಳ್ಳಿ

ದುಬೈಯಲ್ಲಿ ಕಡಲಿಗೆ ಮುಖ ಮಾಡಿದ, ಗೇಟು ಕಾವಲು ಇರುವ ಬಡಾವಣೆಯಲ್ಲಿ ನಮ್ಮಂಥವರು ಮನೆ ಕೊಳ್ಳಬಹುದೇ, ಊರಿನಿಂದ ಹಣ ಕಳಿಸುವುದು ಹೇಗೆ, ಕೊಂಡರೆ ವೀಸಾ ಸಿಗುತ್ತದೆಯೇ? ಈ ಮೂರು ಪ್ರಶ್ನೆಗಳನ್ನು ಓದುಗರು ಪದೇ ಪದೇ ಕೇಳುತ್ತಿರುವುದರಿಂದ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಇಡೀ ಪ್ರಕ್ರಿಯೆಯನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ. ಕೇಳುವವರಲ್ಲಿ ಹೆಚ್ಚಿನವರು ಬೆಂಗಳೂರು ಅಥವಾ ಮಂಗಳೂರಿನ ಹೋಟೆಲುಗಳಲ್ಲಿ ವಾರಾಂತ್ಯಕ್ಕೆ ನಡೆಯುವ ಆಸ್ತಿ ಪ್ರದರ್ಶನಕ್ಕೆ ಹೋಗಿ ಬಂದವರು. ಉಳಿದವರು ಕೊಲ್ಲಿ ರಾಷ್ಟ್ರಗಳಲ್ಲಿ ವರ್ಷಗಟ್ಟಲೆ ದುಡಿದು, ಬಾಡಿಗೆ ಕಟ್ಟಿ ಸಾಕಾಗಿ, ಅಲ್ಲೇ ಸ್ವಂತ ಮನೆ ಮಾಡಿಕೊಳ್ಳೋಣವೆಂದು ಯೋಚಿಸುತ್ತಿರುವ ಕರಾವಳಿಯವರು. ಈ ಇಬ್ಬರಿಗೂ ದುಬೈಯ ಕಾನೂನು ಒಂದೇ, ಭಾರತದ ಕಾನೂನು ಮಾತ್ರ ಬೇರೆ ಬೇರೆ. ಬಹುಪಾಲು ತಪ್ಪುಗಳು ಆಗುವುದು ದುಬೈಯ ಕಡೆಯಲ್ಲಿ ಅಲ್ಲ, ಇಲ್ಲಿನ ಕಡೆಯಲ್ಲಿ. ಆದ್ದರಿಂದ ಮನೆ ಹುಡುಕುವುದಕ್ಕೆ ಮೊದಲು ಹಣದ ದಾರಿಯಿಂದಲೇ ಆರಂಭಿಸುತ್ತೇನೆ.

ಹಂತ 1: ನೀವು ನಿವಾಸಿಯೋ ಅನಿವಾಸಿಯೋ ಎಂಬುದನ್ನು ಖಚಿತಪಡಿಸಿಕೊಳ್ಳಿ

ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಅಂದರೆ ಎಲ್ಲರೂ ಫೆಮಾ ಎಂದು ಕರೆಯುವ ಕಾನೂನಿನ ಕಣ್ಣಿಗೆ ನೀವು ಅನಿವಾಸಿಯಾಗಿದ್ದರೆ ನಿಮ್ಮ ಕೆಲಸ ಹಗುರ. ದುಬೈಯಲ್ಲಿ ಗಳಿಸಿದ ಸಂಬಳದಿಂದ, ಅಲ್ಲಿನ ಬ್ಯಾಂಕ್ ಖಾತೆಯಿಂದ ಅಥವಾ ಭಾರತದಲ್ಲಿರುವ ಎನ್‌ಆರ್‌ಇ ಖಾತೆಯಿಂದ (ಅನಿವಾಸಿಗಳು ಹೊರಗಿನ ಗಳಿಕೆಯನ್ನು ಇಡುವ ಖಾತೆ) ಹಣ ಕೊಟ್ಟು ಮನೆ ಕೊಳ್ಳುವುದಕ್ಕೆ ಇಲ್ಲಿ ಯಾರ ಅನುಮತಿಯೂ ಬೇಕಿಲ್ಲ. ಊರಿನ ಆಸ್ತಿ ಮಾರಿದ ಹಣ ಎನ್‌ಆರ್‌ಒ ಖಾತೆಯಲ್ಲಿ, ಅಂದರೆ ಅನಿವಾಸಿಗಳು ಭಾರತದೊಳಗಿನ ಆದಾಯವನ್ನು ಇಡುವ ಖಾತೆಯಲ್ಲಿದ್ದರೆ ಆರ್ಥಿಕ ವರ್ಷವೊಂದಕ್ಕೆ 10 ಲಕ್ಷ ಡಾಲರ್ ವರೆಗೆ, ತೆರಿಗೆ ಕಟ್ಟಿದ ದಾಖಲೆ ಮತ್ತು ಲೆಕ್ಕಪರಿಶೋಧಕರ ಪ್ರಮಾಣಪತ್ರದೊಂದಿಗೆ, ಹೊರಗೆ ಕಳಿಸಬಹುದು. ಅನಿವಾಸಿಯಾಗಿದ್ದಾಗ ಹೀಗೆ ಕೊಂಡ ಮನೆಯನ್ನು ಮುಂದೆ ಊರಿಗೆ ಮರಳಿದ ಮೇಲೂ ಇಟ್ಟುಕೊಳ್ಳಲು ಫೆಮಾದಲ್ಲಿ ಅವಕಾಶವಿದೆ. ನೌಕರಿ ಬಿಟ್ಟು ಬರುವ ಮುನ್ನ ಮನೆ ಮಾರಲೇಬೇಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ನೀವು ಭಾರತದಲ್ಲೇ ನೆಲೆಸಿರುವವರಾದರೆ ಮುಂದಿನ ಹಂತವನ್ನು ಎರಡು ಸಲ ಓದಿ.

ಹಂತ 2: ಹಣ ಕಳಿಸುವ ದಾರಿ

ನಿವಾಸಿ ಭಾರತೀಯರಿಗೆ ಇರುವ ಮುಖ್ಯ ದಾರಿ ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆ. ಬ್ಯಾಂಕಿನವರು ಇದನ್ನು ಎಲ್‌ಆರ್‌ಎಸ್ ಎನ್ನುತ್ತಾರೆ. ಇದರಡಿ ಒಬ್ಬ ವ್ಯಕ್ತಿ ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರ್ ವರೆಗೆ ಕಳಿಸಬಹುದು. ದಿರ್ಹಮ್ ಡಾಲರಿಗೆ ಕಟ್ಟಿಹಾಕಿದ ನಾಣ್ಯ, ಒಂದು ಡಾಲರಿಗೆ 3.6725 ದಿರ್ಹಮ್, ಹಾಗಾಗಿ 20 ಲಕ್ಷ ದಿರ್ಹಮ್ ಬೆಲೆಯ ಮನೆಗೆ ಸುಮಾರು 5,44,600 ಡಾಲರ್ ಬೇಕು. ಗಂಡ ಹೆಂಡತಿ ಇಬ್ಬರೂ ಸೇರಿದರೂ ಒಂದೇ ವರ್ಷದ ಮಿತಿಯಲ್ಲಿ ಇದು ಹಿಡಿಸುವುದಿಲ್ಲ. ಮಾರ್ಚ್ ಕೊನೆಗೆ ಒಂದು ಕಂತು, ಏಪ್ರಿಲ್ ಮೊದಲ ವಾರದಲ್ಲಿ ಇನ್ನೊಂದು ಕಂತು ಎಂದು ಎರಡು ಆರ್ಥಿಕ ವರ್ಷಗಳಿಗೆ ಹಂಚಿಕೊಂಡರೆ ಹಿಡಿಸುತ್ತದೆ. ಹಣ ಕಳಿಸುವ ಇಬ್ಬರ ಹೆಸರೂ ಮನೆಯ ಹಕ್ಕುಪತ್ರದಲ್ಲಿ ಇರಬೇಕೆಂದು ಬ್ಯಾಂಕು ಕೇಳುವ ಸಾಧ್ಯತೆ ಹೆಚ್ಚು. ಮಗನ ಹೆಸರಿನ ಮನೆಗೆ ಅಪ್ಪ, ಅಮ್ಮ, ಅತ್ತೆ, ಮಾವ ಎಲ್ಲರ ಮಿತಿಯನ್ನೂ ಕೂಡಿಸಿ ಕಳಿಸುವ ಯೋಜನೆ ನಿಮ್ಮಲ್ಲಿದ್ದರೆ ಒಪ್ಪಂದಕ್ಕೆ ಸಹಿ ಮಾಡುವ ಮೊದಲೇ ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಿಂದ ಲಿಖಿತ ಉತ್ತರ ಪಡೆದುಕೊಳ್ಳಿ.

ಕಳಿಸುವಾಗ ಬ್ಯಾಂಕು ಮೂಲದಲ್ಲೇ ತೆರಿಗೆ ವಸೂಲು ಮಾಡುತ್ತದೆ. ಇದಕ್ಕೆ ಟಿಸಿಎಸ್ ಎಂದು ಹೆಸರು. ಸಂಬಳದಿಂದ ಕಡಿತವಾಗುವ ಟಿಡಿಎಸ್ ಬೇರೆ, ಇದು ಬೇರೆ. 2025ರ ಏಪ್ರಿಲ್‌ನಿಂದ ಆರ್ಥಿಕ ವರ್ಷದಲ್ಲಿ ಮೊದಲ 10 ಲಕ್ಷ ರೂಪಾಯಿ ಬಿಟ್ಟು, ಅದರ ಮೇಲಿನ ಮೊತ್ತಕ್ಕೆ ಶೇ. 20 ಕಟ್ಟಬೇಕು. ಎರಡು ಕೋಟಿ ರೂಪಾಯಿ ಕಳಿಸುವವರು 38 ಲಕ್ಷ ರೂಪಾಯಿಯನ್ನು ಪ್ರತ್ಯೇಕವಾಗಿ ಬ್ಯಾಂಕಿನ ಕೈಗೆ ಕೊಡಬೇಕಾಗುತ್ತದೆ. ಇದು ಹೋದ ಹಣವಲ್ಲ, ರಿಟರ್ನ್ ಸಲ್ಲಿಸುವಾಗ ನಿಮ್ಮ ತೆರಿಗೆಗೆ ವಜಾ ಆಗುತ್ತದೆ, ಹೆಚ್ಚಿದ್ದರೆ ಮರಳಿ ಬರುತ್ತದೆ. ಆದರೆ ಆ ತನಕ ಅದು ನಿಮ್ಮ ಕೈಯಲ್ಲಿ ಇರುವುದಿಲ್ಲ. ಕಂತು ಕಟ್ಟುವ ದಿನಕ್ಕೆ ಹಣ ಸಾಲದೆ ಪರದಾಡಿದವರೆಲ್ಲ ಈ ಲೆಕ್ಕವನ್ನೇ ಮರೆತಿದ್ದವರು.

ಇಲ್ಲಿ ಎಡವುವ ಜಾಗಗಳು ಹಲವು. ಪ್ರದರ್ಶನದ ಮೇಜಿನ ಮೇಲೆ ಕಾರ್ಡ್ ಯಂತ್ರ ಇಟ್ಟುಕೊಂಡು, ಸದ್ಯಕ್ಕೆ ಬುಕಿಂಗ್ ಮೊತ್ತ ಮಾತ್ರ ಉಜ್ಜಿ ಎನ್ನುತ್ತಾರೆ. ವಿದೇಶದಲ್ಲಿ ಸ್ಥಿರಾಸ್ತಿ ಕೊಳ್ಳುವುದು ಬಂಡವಾಳ ಖಾತೆಯ ವ್ಯವಹಾರ, ಅದಕ್ಕೆ ಕ್ರೆಡಿಟ್ ಕಾರ್ಡ್ ಬಳಸುವಂತಿಲ್ಲ. ನನ್ನ ಸಂಬಂಧಿಕರೊಬ್ಬರು ಹೀಗೆ ಉಜ್ಜಿ ಬಂದು, ಆಮೇಲೆ ಅದನ್ನು ಸರಿಪಡಿಸಿಕೊಳ್ಳುವುದಕ್ಕೆ ಲೆಕ್ಕಪರಿಶೋಧಕರ ಕಚೇರಿಗೆ ತಿಂಗಳುಗಟ್ಟಲೆ ಅಲೆದರು. ಎರಡನೆಯದಾಗಿ, ಈ ರವಾನೆಗಾಗಿ ಭಾರತದ ಬ್ಯಾಂಕುಗಳು ಸಾಲ ಕೊಡುವಂತಿಲ್ಲ. ಮನೆ ಕೈಗೆ ಬಂದ ಮೇಲೂ ಎರಡು ಮೂರು ವರ್ಷ ಕಂತು ಕಟ್ಟುತ್ತ ಹೋಗಬಹುದು ಎಂಬ ಆಕರ್ಷಕ ಯೋಜನೆಗಳು ಫೆಮಾದ ದೃಷ್ಟಿಯಲ್ಲಿ ವಿದೇಶಿ ಸಾಲವೆನಿಸಿಕೊಳ್ಳಬಹುದು. ನಿವಾಸಿಗಳು ಅಂಥ ಯೋಜನೆಗೆ ಸಹಿ ಹಾಕುವ ಮುನ್ನ ಪರಿಣತರನ್ನು ಕೇಳಬೇಕು. ಮೂರನೆಯದಾಗಿ, ಮುಂದಿನ ಕಂತಿಗೆ ಇರಲಿ ಎಂದು ಮೊದಲೇ ಹಣ ಕಳಿಸಿ ಅಲ್ಲಿನ ಖಾತೆಯಲ್ಲಿ ಸುಮ್ಮನೆ ಇಡಬೇಡಿ, ಬಳಕೆಯಾಗದ ಹಣವನ್ನು 180 ದಿನಗಳೊಳಗೆ ವಾಪಸು ತರಬೇಕೆಂಬ ನಿಯಮವಿದೆ. ಕೊನೆಯದು ಎಲ್ಲಕ್ಕಿಂತ ಗಂಭೀರ. ‘ಇಲ್ಲಿ ರೂಪಾಯಿ ಕೊಡಿ, ಅಲ್ಲಿ ನಮ್ಮವರು ದಿರ್ಹಮ್ ಕಟ್ಟುತ್ತಾರೆ’ ಎನ್ನುವವರಿದ್ದಾರೆ. ಅದು ಹವಾಲಾ. ಅವರ ಎದುರಿನಿಂದ ಎದ್ದು ಬನ್ನಿ.

ಹಂತ 3: ಯಾವ ಜಾಗ, ಯಾವ ಹಕ್ಕು, ಯಾವ ಕಡಲು

ದುಬೈಯ ಎಲ್ಲ ಕಡೆ ವಿದೇಶಿಯರು ಆಸ್ತಿ ಕೊಳ್ಳುವಂತಿಲ್ಲ. 2006ರ 7ನೇ ಕಾನೂನು ಮತ್ತು ಅದರಡಿ ಹೊರಬಂದ ನಿಯಮದ ಪ್ರಕಾರ ಗುರುತಿಸಿದ ಪ್ರದೇಶಗಳಲ್ಲಿ ಮಾತ್ರ ಅವಕಾಶ. ಅಲ್ಲಿಯೂ ಎರಡು ಬಗೆ ಇದೆ. ಫ್ರೀಹೋಲ್ಡ್ ಎಂದರೆ ಕಾಲಮಿತಿಯಿಲ್ಲದ ಪೂರ್ಣ ಒಡೆತನ, ಮಕ್ಕಳಿಗೆ ಹೋಗುತ್ತದೆ, ಮಾರಬಹುದು. ಇನ್ನೊಂದು, 99 ವರ್ಷಗಳವರೆಗಿನ ದೀರ್ಘ ಗೇಣಿ ಅಥವಾ ಅನುಭೋಗದ ಹಕ್ಕು. ಮಾರಾಟದ ಹಾಳೆಯಲ್ಲಿ ಎರಡೂ ‘ಒಡೆತನ’ ಎಂದೇ ಕಾಣಿಸಿಕೊಳ್ಳಬಹುದು, ಆದ್ದರಿಂದ ಹಕ್ಕುಪತ್ರದಲ್ಲಿ ಯಾವ ಪದವಿದೆ ಎಂಬುದನ್ನೇ ಕೇಳಿ.

ಇನ್ನು ಕಡಲಿನ ವಿಷಯ. ಜಾಹೀರಾತಿನಲ್ಲಿ ಬೀಚ್‌ಫ್ರಂಟ್, ಬೀಚ್ ಆಕ್ಸೆಸ್, ಸೀ ವ್ಯೂ ಎಂಬ ಮೂರು ಮಾತುಗಳು ಒಂದೇ ಉಸಿರಿನಲ್ಲಿ ಬರುತ್ತವೆ, ಆದರೆ ಮೂರರ ಅರ್ಥವೂ ಬೇರೆ, ಬೆಲೆಯೂ ಬೇರೆ. ಬೀಚ್‌ಫ್ರಂಟ್ ಎಂದರೆ ನಿಮ್ಮ ನಿವೇಶನದ ಅಥವಾ ಕಟ್ಟಡದ ಅಂಚೇ ಮರಳು. ಕಡಲು ತುಂಬಿ ತಾಳೆಮರದ ಆಕಾರದಲ್ಲಿ ಮಾಡಿದ ಪಾಮ್ ಜುಮೇರಾ ದ್ವೀಪದಲ್ಲಿ ಎಲೆಗಳಂತೆ ಚಾಚಿಕೊಂಡಿರುವ ಭಾಗಗಳ ವಿಲ್ಲಾಗಳು ಇಂಥವು. ಪ್ರತಿ ಎಲೆಗೂ ಒಂದು ಇಂಗ್ಲಿಷ್ ಅಕ್ಷರದ ಹೆಸರು, ಅದರ ಬಾಯಲ್ಲಿ ಕಾವಲು ಗೇಟು, ಹಿತ್ತಲಿನಿಂದ ನಾಲ್ಕು ಹೆಜ್ಜೆ ಇಟ್ಟರೆ ನೀರು. ಬೀಚ್ ಆಕ್ಸೆಸ್ ಎಂದರೆ ಬಡಾವಣೆಗೆ ಸೇರಿದ ಅಥವಾ ಪಕ್ಕದಲ್ಲಿರುವ ತೀರಕ್ಕೆ ಹೋಗಲು ನಿಮಗೆ ಅನುಮತಿ ಇದೆ ಎಂದಷ್ಟೇ. ಆ ಅನುಮತಿ ಉಚಿತವೇ, ಬಾಡಿಗೆದಾರನಿಗೂ ಅನ್ವಯಿಸುತ್ತದೆಯೇ, ಎಷ್ಟು ಅತಿಥಿಗಳನ್ನು ಕರೆದೊಯ್ಯಬಹುದು ಎಂಬುದು ನಿಯಮಾವಳಿಯಲ್ಲಿರುತ್ತದೆ. ಜುಮೇರಾ ಬೀಚ್ ರೆಸಿಡೆನ್ಸ್ ಎಂಬ ಗೋಪುರಗಳ ಸಾಲು ಕಡಲಿಗೆ ಎದುರಾಗಿದ್ದರೂ ಮುಂದಿನ ತೀರ ಸಾರ್ವಜನಿಕರದ್ದು, ವಾರಾಂತ್ಯದಲ್ಲಿ ಊರೆಲ್ಲ ಅಲ್ಲೇ ಇರುತ್ತದೆ. ಇನ್ನು ಸೀ ವ್ಯೂ ಎಂಬುದು ಇಂದಿನ ನೋಟ ಮಾತ್ರ. ಕಡಲನ್ನೇ ತುಂಬಿ ನೆಲ ಮಾಡುವ ಊರಿನಲ್ಲಿ ನಿಮ್ಮ ಮುಂದಿನ ನೀರು ನಾಳೆ ನಿವೇಶನವಾಗಬಹುದು, ಮುಂದಿನ ಖಾಲಿ ಜಾಗದಲ್ಲಿ ಗೋಪುರ ಏಳಬಹುದು. ಮಾಸ್ಟರ್ ಪ್ಲಾನ್, ಅಂದರೆ ಇಡೀ ಬಡಾವಣೆಯ ಅನುಮೋದಿತ ನಕ್ಷೆಯನ್ನು ತರಿಸಿ, ನಿಮ್ಮ ಕಿಟಕಿಯ ಮುಂದಿನ ನಿವೇಶನಕ್ಕೆ ಎಷ್ಟು ಅಂತಸ್ತಿನ ಅನುಮತಿ ಇದೆ ಎಂದು ನೋಡದೆ ನೋಟಕ್ಕಾಗಿ ಒಂದು ದಿರ್ಹಮ್ಮನ್ನೂ ಹೆಚ್ಚಿಗೆ ಕೊಡಬೇಡಿ.

ಮನೆಯನ್ನು ಒಮ್ಮೆಯಾದರೂ ಇಳಿತದ ಹೊತ್ತಿನಲ್ಲಿ ಹೋಗಿ ನೋಡಬೇಕು. ನಾನು ಸಂಬಂಧಿಕರ ಜೊತೆ ಪಾಮ್ ಜುಮೇರಾದ ಒಂದು ವಿಲ್ಲಾ ನೋಡಲು ಹೋದಾಗ, ಫೋಟೋದಲ್ಲಿ ನೀಲಿಯಾಗಿದ್ದ ನೀರು ಹಿಂದೆ ಸರಿದು, ಕಲ್ಲುಗಳ ಮೇಲೆ ಮೊಣಕಾಲೆತ್ತರಕ್ಕೆ ಪಾಚಿಯ ಹಸಿರು ಗೆರೆ ಎದ್ದು ಕಾಣುತ್ತಿತ್ತು. ಅಲೆಯ ಸದ್ದೇ ಇರಲಿಲ್ಲ. ಪಾಮ್ ಜುಮೇರಾವನ್ನು ಸುಮಾರು 11 ಕಿಲೋಮೀಟರ್ ಉದ್ದದ ತಡೆಗೋಡೆ ಸುತ್ತುವರಿದಿದೆ, ಒಳಗಿನ ನೀರು ನಿಂತು ಕೆಡದಿರಲೆಂದು ಆ ಗೋಡೆಯಲ್ಲಿ ಕಿಂಡಿಗಳನ್ನು ಬಿಟ್ಟಿದ್ದಾರೆ. ಮಲ್ಪೆಯ ಅಲೆ ಕೇಳಿ ಬೆಳೆದವರಿಗೆ ಇದು ಕಡಲಿಗಿಂತ ಕೆರೆಯಂತೆ ತೋರುತ್ತದೆ. ಕೆಲವರಿಗೆ ಅದೇ ಇಷ್ಟ. ಆದರೆ ನೋಡಿ ಇಷ್ಟಪಡಬೇಕು, ಕರಪತ್ರ ಓದಿ ಅಲ್ಲ. ಸಾಧ್ಯವಾದರೆ ಆಗಸ್ಟ್‌ನಲ್ಲಿ ಹೋಗಿ. ಡಿಸೆಂಬರಿನ ದುಬೈ ಯಾರಿಗೂ ಬೇಡವೆನಿಸುವುದಿಲ್ಲ.

ಹಂತ 4: ಕಟ್ಟಿದ ಮನೆಯೋ, ಕಟ್ಟಲಿರುವ ಮನೆಯೋ

ಇನ್ನೂ ನಕ್ಷೆಯಲ್ಲಿರುವ ಅಥವಾ ನಿರ್ಮಾಣವಾಗುತ್ತಿರುವ ಮನೆಯನ್ನು ಅಲ್ಲಿ ಆಫ್ ಪ್ಲಾನ್ ಎನ್ನುತ್ತಾರೆ. ನಮ್ಮ ಊರಿನ ಪ್ರದರ್ಶನಗಳಲ್ಲಿ ಮಾರುವುದು ಬಹುತೇಕ ಇವನ್ನೇ, ಏಕೆಂದರೆ ಕಂತುಗಳು ಸಣ್ಣವು, ಮಾರುವವರಿಗೆ ಬರುವ ಕಮಿಷನ್ ದೊಡ್ಡದು. ಇಲ್ಲಿ ನಿಮ್ಮನ್ನು ಕಾಯುವ ವ್ಯವಸ್ಥೆಗಳು ಎರಡು. ಒಂದು ಎಸ್ಕ್ರೊ ಖಾತೆ: 2007ರ 8ನೇ ಕಾನೂನಿನಂತೆ ಕೊಳ್ಳುವವರ ಹಣ ಆ ಯೋಜನೆಗೆಂದೇ ತೆರೆದ ಖಾತೆಗೆ ಹೋಗಬೇಕು, ಕೆಲಸ ಮುಂದುವರಿದಂತೆ ಮಾತ್ರ ಬಿಲ್ಡರಿಗೆ ಬಿಡುಗಡೆಯಾಗಬೇಕು. ಎರಡನೆಯದು ಊಕೂದ್: ದುಬೈ ಭೂ ಇಲಾಖೆಯ ತಾತ್ಕಾಲಿಕ ದಾಖಲೆಯಲ್ಲಿ ನಿಮ್ಮ ಖರೀದಿಯ ನೋಂದಣಿ. ಅರಬ್ಬಿಯಲ್ಲಿ ಈ ಪದಕ್ಕೆ ಒಪ್ಪಂದಗಳು ಎಂದರ್ಥ. ನಿಮ್ಮ ಹೆಸರಿನ ಊಕೂದ್ ಪ್ರತಿ ಕೈಗೆ ಬರುವ ತನಕ ನಿಮ್ಮ ಬಳಿ ಇರುವುದು ರಸೀದಿ ಮಾತ್ರ, ಮನೆಯಲ್ಲ.

ಹಣ ಕಳಿಸುವ ಮುನ್ನ ಖಾತೆಯ ಹೆಸರನ್ನು ಅಕ್ಷರ ಬಿಡದೆ ಓದಿ. ಅದರಲ್ಲಿ ಯೋಜನೆಯ ಹೆಸರು ಮತ್ತು ಎಸ್ಕ್ರೊ ಎಂಬ ಪದ ಇರಬೇಕು, ಏಜೆಂಟನ ಅಥವಾ ಬಿಲ್ಡರನ ಸಾಮಾನ್ಯ ಖಾತೆಗೆ ಕಳಿಸಬಾರದು. ಭೂ ಇಲಾಖೆಯ ದುಬೈ ರೆಸ್ಟ್ ಎಂಬ ಆ್ಯಪ್‌ನಲ್ಲಿ ಯೋಜನೆಯ ನೋಂದಣಿ, ಎಸ್ಕ್ರೊ ಖಾತೆ, ಕೆಲಸ ಎಷ್ಟರಮಟ್ಟಿಗೆ ಮುಗಿದಿದೆ ಎಂಬ ವಿವರಗಳನ್ನು ನೀವೇ ನೋಡಬಹುದು. ನಮ್ಮಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇ.ಸಿ. ತೆಗೆಸದೆ ಸೈಟು ಕೊಳ್ಳುವವರಿಲ್ಲ, ಅದೇ ಎಚ್ಚರ ಅಲ್ಲಿಯೂ ಬೇಕು.

ಈ ವ್ಯವಸ್ಥೆಗಳಿದ್ದರೂ ಕಾಲದ ಅಪಾಯ ಉಳಿದೇ ಇರುತ್ತದೆ. ಪಾಮ್ ಜೆಬೆಲ್ ಅಲಿ ಎಂಬ ಎರಡನೇ ತಾಳೆ ದ್ವೀಪದ ಕೆಲಸ 2008ರ ಆರ್ಥಿಕ ಕುಸಿತದ ನಂತರ ನಿಂತುಹೋಗಿ, ಹೊಸ ರೂಪದಲ್ಲಿ ಮತ್ತೆ ಪ್ರಕಟವಾದದ್ದು 2023ರಲ್ಲಿ. ಸಮುದ್ರ ತುಂಬಿ ಮಾಡಿದ ಯೋಜನೆಗೆ ಹಣ ಹೂಡುವವರು ಈ ಹದಿನೈದು ವರ್ಷಗಳನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ನೀವೇ ಕಂತು ತಪ್ಪಿಸಿದರೆ ಏನಾಗುತ್ತದೆ ಎಂಬುದನ್ನು ಮಾರುವವರು ಹೇಳುವುದಿಲ್ಲ. ನಿರ್ಮಾಣ ಆರಂಭವಾಗಿದ್ದರೆ, ಕೆಲಸ ಮುಗಿದ ಪ್ರಮಾಣವನ್ನು ನೋಡಿ, ಒಪ್ಪಂದ ರದ್ದುಮಾಡಿ ಮನೆಯ ಬೆಲೆಯ ಶೇ. 25ರಿಂದ 40ರ ವರೆಗೆ ಉಳಿಸಿಕೊಳ್ಳಲು ಬಿಲ್ಡರಿಗೆ ಕಾನೂನೇ ಅವಕಾಶ ಕೊಡುತ್ತದೆ. ಗಮನಿಸಿ, ನೀವು ಕಟ್ಟಿದ ಮೊತ್ತದ ಶೇಕಡಾವಾರು ಅಲ್ಲ, ಮನೆಯ ಒಟ್ಟು ಬೆಲೆಯ ಶೇಕಡಾವಾರು. ಬೆಲೆಯ ಕಾಲು ಭಾಗ ಕಟ್ಟಿ ಕೈಬಿಟ್ಟವನಿಗೆ ಏನೂ ಸಿಗದೆ ಹೋಗಬಹುದು. ಆದ್ದರಿಂದ ಬಿಲ್ಡರನ ಕಂತಿನ ಪಟ್ಟಿಯನ್ನೂ ನಿಮ್ಮ ಎಲ್‌ಆರ್‌ಎಸ್ ಮಿತಿಯನ್ನೂ ಒಂದೇ ಹಾಳೆಯಲ್ಲಿ ಬರೆದು, ಪ್ರತಿ ಆರ್ಥಿಕ ವರ್ಷಕ್ಕೆ ಎಷ್ಟು ಬೀಳುತ್ತದೆ ಎಂದು ಕೂಡಿಸಿ ನೋಡಿ. ಕೂಡದಿದ್ದರೆ ಸಹಿಗೆ ಮೊದಲೇ ಕಂತುಗಳ ದಿನಾಂಕ ಬದಲಿಸುವಂತೆ ಕೇಳಿ. ಸಹಿಯಾದ ಮೇಲೆ ಕೇಳಿ ಪ್ರಯೋಜನವಿಲ್ಲ.

ಹಂತ 5: ಸಿದ್ಧ ಮನೆಯ ಖರೀದಿ ನಡೆಯುವ ಬಗೆ

ಈಗಿರುವ ಮಾಲೀಕನಿಂದ ಕೊಳ್ಳುವುದಾದರೆ ಕ್ರಮ ಹೀಗಿದೆ. ಮೊದಲು ಏಜೆಂಟನ ಪರವಾನಗಿ ಪರೀಕ್ಷಿಸಿ. ಅದನ್ನು ನೋಡಿಕೊಳ್ಳುವುದು ರೇರಾ. ಇದು ನಮ್ಮ ರೇರಾ ಅಲ್ಲ, ದುಬೈ ಭೂ ಇಲಾಖೆಯ ಅಂಗವಾದ ನಿಯಂತ್ರಣ ಸಂಸ್ಥೆ. ಅದರಲ್ಲಿ ನೋಂದಾಯಿತನಾದ ಏಜೆಂಟನಿಗೆ ಗುರುತಿನ ಸಂಖ್ಯೆ ಇರುತ್ತದೆ, ಆತ ಕೊಡುವ ಜಾಹೀರಾತಿಗೂ ಅನುಮತಿ ಸಂಖ್ಯೆ ಇರುತ್ತದೆ. ಏಜೆಂಟನೊಂದಿಗೆ ನೀವು ಮಾಡಿಕೊಳ್ಳುವ ಕರಾರು ಫಾರ್ಮ್ ಬಿ, ಮಾರುವವನೊಂದಿಗಿನ ಮಾರಾಟ ಒಪ್ಪಂದ ಫಾರ್ಮ್ ಎಫ್. ಒಪ್ಪಂದದ ಹೊತ್ತಿಗೆ ಸಾಮಾನ್ಯವಾಗಿ ಬೆಲೆಯ ಶೇ. 10ರಷ್ಟಕ್ಕೆ ಭದ್ರತಾ ಚೆಕ್ ಕೊಡುವ ರೂಢಿ. ನೀವು ಹಿಂದೆ ಸರಿದರೆ ಅದು ಹೋಗುತ್ತದೆ, ಹಾಗಾಗಿ ಬ್ಯಾಂಕಿನ ಒಪ್ಪಿಗೆ ಇಲ್ಲದೆ ಫಾರ್ಮ್ ಎಫ್‌ಗೆ ಸಹಿ ಬೇಡ.

ನಂತರ ಮಾರುವವನು ಮೂಲ ಬಿಲ್ಡರನಿಂದ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಮನೆಯ ಮೇಲೆ ನಿರ್ವಹಣಾ ಶುಲ್ಕದ ಬಾಕಿ ಇಲ್ಲವೆಂಬುದಕ್ಕೆ ಅದೇ ಆಧಾರ. ಆಮೇಲೆ ಇಬ್ಬರೂ ಭೂ ಇಲಾಖೆಯ ಪರವಾಗಿ ಕೆಲಸ ಮಾಡುವ ಟ್ರಸ್ಟೀ ಕಚೇರಿಗೆ ಹೋಗಿ, ಬ್ಯಾಂಕು ಬರೆದುಕೊಟ್ಟ ಮ್ಯಾನೇಜರ್ಸ್ ಚೆಕ್ ಒಪ್ಪಿಸಿದರೆ, ಹಕ್ಕುಪತ್ರ ನಿಮ್ಮ ಹೆಸರಿಗೆ ಆಗುತ್ತದೆ. ನಮ್ಮ ಉಪನೋಂದಣಿ ಕಚೇರಿಯ ಸಾಲು, ಹೆಬ್ಬೆಟ್ಟು, ಸಾಕ್ಷಿದಾರರ ಗಲಾಟೆ ಕಂಡವರಿಗೆ ಈ ಕಚೇರಿಯ ಶಾಂತಿಯೇ ಅನುಮಾನ ಹುಟ್ಟಿಸುತ್ತದೆ.

ನೀವೇ ಹೋಗಲು ಆಗದಿದ್ದರೆ ಜಿಪಿಎ ಕೊಡಬಹುದು. ಆದರೆ ಇಲ್ಲಿ ಬರೆಸಿದ ಪತ್ರ ನೋಟರಿಯಿಂದ ಮೊದಲ್ಗೊಂಡು ರಾಜ್ಯ ಸರ್ಕಾರ, ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ, ಕೊನೆಗೆ ಅಲ್ಲಿನ ವಿದೇಶಾಂಗ ಸಚಿವಾಲಯ ಎಂಬ ಸರಪಳಿಯಲ್ಲಿ ದೃಢೀಕರಣಗೊಂಡು, ಅರಬ್ಬಿಗೆ ಅಧಿಕೃತವಾಗಿ ಅನುವಾದವಾಗಬೇಕು. ಏಜೆಂಟನಿಗೇ ಜಿಪಿಎ ಕೊಡುವುದು ಬುದ್ಧಿವಂತಿಕೆಯಲ್ಲ.

ಮನೆಯಲ್ಲಿ ಬಾಡಿಗೆದಾರ ಇದ್ದಾನೆಯೇ ಎಂದು ಕೇಳಲು ಮರೆಯಬೇಡಿ. ಇದ್ದರೆ ಕರಾರು ನಿಮ್ಮ ತಲೆಯ ಮೇಲೆ ಬರುತ್ತದೆ. ನೀವೇ ವಾಸಿಸುವುದಕ್ಕೆಂದು ಆತನನ್ನು ಬಿಡಿಸಬೇಕಾದರೆ ನೋಟರಿ ಮೂಲಕ ಅಥವಾ ನೋಂದಾಯಿತ ಅಂಚೆಯಲ್ಲಿ 12 ತಿಂಗಳ ನೋಟಿಸ್ ಕೊಡಬೇಕು.

ಹಂತ 6: ಬೆಲೆಯ ಮೇಲೆ ಬೀಳುವ ಖರ್ಚು

20 ಲಕ್ಷ ದಿರ್ಹಮ್ ಬೆಲೆಯ ಸಿದ್ಧ ಫ್ಲ್ಯಾಟನ್ನೇ ಲೆಕ್ಕ ಹಾಕೋಣ. ಭೂ ಇಲಾಖೆಯ ವರ್ಗಾವಣೆ ಶುಲ್ಕ ಶೇ. 4, ಅಂದರೆ 80,000. ಏಜೆಂಟನ ಕಮಿಷನ್ ರೂಢಿಯಂತೆ ಶೇ. 2, ಅದರ ಮೇಲೆ ಶೇ. 5 ವ್ಯಾಟ್ ಸೇರಿ 42,000. ಟ್ರಸ್ಟೀ ಕಚೇರಿಗೆ ವ್ಯಾಟ್ ಸೇರಿ 4,200. ಹಕ್ಕುಪತ್ರಕ್ಕೆ ಸುಮಾರು 580. ಒಟ್ಟು ಸುಮಾರು 1,26,780 ದಿರ್ಹಮ್, ಅಂದರೆ ಬೆಲೆಯ ಶೇ. 6ಕ್ಕಿಂತ ಹೆಚ್ಚು. ವಿದ್ಯುತ್ ಮತ್ತು ನೀರು ಪೂರೈಸುವ ದೇವಾ ಸಂಸ್ಥೆಗೆ ಫ್ಲ್ಯಾಟಿಗೆ 2,000, ವಿಲ್ಲಾಗೆ 4,000 ದಿರ್ಹಮ್ ಠೇವಣಿ ಬೇರೆ. ಇಷ್ಟನ್ನೂ ನೀವು ಕಳಿಸುವ ಹಣದಲ್ಲಿ ಮೊದಲೇ ಸೇರಿಸಿಕೊಳ್ಳಬೇಕು, ಇಲ್ಲವಾದರೆ ನೋಂದಣಿಯ ದಿನ ಎಲ್‌ಆರ್‌ಎಸ್ ಮಿತಿ ಮುಗಿದಿರುತ್ತದೆ.

ಹಂತ 7: ಗೇಟಿನ ಒಳಗಿನ ಕಾನೂನು

ಗೇಟೆಡ್ ಕಮ್ಯುನಿಟಿಯಲ್ಲಿ ಮನೆ ಕೊಂಡವನು ಗೋಡೆಗಳ ಜೊತೆಗೆ ಒಂದು ನಿಯಮಾವಳಿಯನ್ನೂ ಕೊಂಡಿರುತ್ತಾನೆ. ದುಬೈಯಲ್ಲಿ ಜಂಟಿ ಒಡೆತನದ ಆಸ್ತಿಗಳಿಗೆ 2019ರ 6ನೇ ಕಾನೂನು ಅನ್ವಯಿಸುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘದ ಅನುಭವ ಇರುವವರು ಇಲ್ಲಿ ಒಂದು ವ್ಯತ್ಯಾಸವನ್ನು ಅರಿಯಬೇಕು: ಮಾಲೀಕರ ಸಮಿತಿ ಅಲ್ಲಿಯೂ ಉಂಟು, ಆದರೆ ಅದರ ಪಾತ್ರ ಮುಖ್ಯವಾಗಿ ಗಮನಿಸುವುದು ಮತ್ತು ಸಲಹೆ ನೀಡುವುದು. ಹಣ ವಸೂಲಿ, ನಿರ್ವಹಣೆ ಎಲ್ಲವೂ ವೃತ್ತಿಪರ ಕಂಪನಿಯ ಕೈಯಲ್ಲಿ. ಭಾನುವಾರದ ಸಭೆಯಲ್ಲಿ ಕೂಗಾಡಿ ಮೇಂಟೆನೆನ್ಸ್ ಇಳಿಸುವ ನಮ್ಮ ಪದ್ಧತಿ ಅಲ್ಲಿ ನಡೆಯದು.

ಆ ನಿರ್ವಹಣಾ ಶುಲ್ಕಕ್ಕೆ ಅಲ್ಲಿ ಸರ್ವಿಸ್ ಚಾರ್ಜ್ ಎಂದು ಹೆಸರು. ಚದರ ಅಡಿಗೆ ವರ್ಷಕ್ಕೆ ಇಷ್ಟು ಎಂದು ಲೆಕ್ಕ, ರೇರಾದ ಅನುಮೋದನೆ ಬೇಕು. ಉದಾಹರಣೆಗೆ ಚದರ ಅಡಿಗೆ 15 ದಿರ್ಹಮ್ ಇದ್ದು ಮನೆ 1,200 ಚದರ ಅಡಿಯಾದರೆ ವರ್ಷಕ್ಕೆ 18,000 ದಿರ್ಹಮ್. ಕಡಲತೀರದ ಕಟ್ಟಡಗಳಲ್ಲಿ ಈಜುಕೊಳ, ಮರಳಿನ ನಿರ್ವಹಣೆ, ಜೀವರಕ್ಷಕರು, ಕಾವಲು ಎಲ್ಲ ಸೇರಿ ದರ ಮೇಲೆ ಹೋಗುತ್ತದೆ. ಹಿಂದಿನ ಮೂರು ವರ್ಷಗಳ ಅನುಮೋದಿತ ದರವನ್ನು ಕೇಳಿ ಪಡೆದು, ಏರಿಕೆ ಹೇಗಿದೆ ನೋಡಿ. ಬಾಕಿ ಉಳಿಸಿಕೊಂಡರೆ ಮನೆಯ ಮೇಲೆಯೇ ಹೊರೆ ಬೀಳುತ್ತದೆ, ಎನ್‌ಒಸಿ ಸಿಗದೆ ಮಾರಲೂ ಆಗುವುದಿಲ್ಲ. ಕಟ್ಟಡವನ್ನು ತಂಪಾಗಿಸುವ ವ್ಯವಸ್ಥೆ ಪ್ರತ್ಯೇಕ ಕಂಪನಿಯದ್ದಾಗಿದ್ದರೆ ಅದರ ಬಿಲ್ ಬೇರೆ ಬರುತ್ತದೆ. ಮನೆ ಖಾಲಿ ಇದ್ದರೂ ಸ್ಥಿರ ಶುಲ್ಕ ಕಟ್ಟಬೇಕಾಗಬಹುದು. ನಮ್ಮ ಪಾಲಿಕೆಗೆ ಕಟ್ಟುವಂಥ ವಾರ್ಷಿಕ ಆಸ್ತಿ ತೆರಿಗೆ ಅಲ್ಲಿಲ್ಲ, ಅದರ ಬದಲು ದೇವಾ ಬಿಲ್ಲಿನಲ್ಲೇ ಒಂದು ವಸತಿ ಶುಲ್ಕ ಸೇರಿಬರುತ್ತದೆ. ಬಾಡಿಗೆಗೆ ಇರುವವರಿಗೆ ಅದು ವಾರ್ಷಿಕ ಬಾಡಿಗೆಯ ಶೇ. 5.

ಪ್ರವಾಸಿಗಳಿಗೆ ದಿನಬಾಡಿಗೆಗೆ ಕೊಟ್ಟು ಸಂಪಾದಿಸುವ ಯೋಚನೆ ಇದ್ದರೆ ಪ್ರವಾಸೋದ್ಯಮ ಇಲಾಖೆಯ ಹಾಲಿಡೇ ಹೋಮ್ ಪರವಾನಗಿ ಬೇಕು, ಜೊತೆಗೆ ಆ ಬಡಾವಣೆಯ ನಿಯಮಾವಳಿಯೂ ಒಪ್ಪಬೇಕು. ಬಾಲ್ಕನಿಗೆ ಗಾಜು ಹಾಕಿಸುವುದರಿಂದ ಹಿಡಿದು ಹಿತ್ತಲಲ್ಲಿ ಚಪ್ಪರ ಎಬ್ಬಿಸುವವರೆಗೆ ಎಲ್ಲಕ್ಕೂ ಲಿಖಿತ ಅನುಮತಿ ಬೇಕು. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವಂತಿಲ್ಲ ಎಂಬ ನಿಯಮವನ್ನು ಮನೆಯ ಹಿರಿಯರಿಗೆ ಮೊದಲೇ ಹೇಳಿಡಿ.

ಹಂತ 8: ಮನೆ ಒಪ್ಪಿಸಿಕೊಳ್ಳುವ ದಿನ

ಹೊಸ ಮನೆಯಾದರೆ ಕೀಲಿ ಪಡೆಯುವ ಮುನ್ನ ಸ್ನ್ಯಾಗಿಂಗ್ ಮಾಡಿಸಿ, ಅಂದರೆ ಪರಿಣತರಿಂದ ಕೊರತೆಗಳ ಪಟ್ಟಿ ಮಾಡಿಸಿ. ಕಾನೂನಿನಂತೆ ಕಟ್ಟಡದ ರಚನೆಯ ದೋಷಗಳಿಗೆ ಬಿಲ್ಡರ್ 10 ವರ್ಷ, ವಿದ್ಯುತ್, ಕೊಳಾಯಿ, ಎಸಿ ಮೊದಲಾದವುಗಳ ದೋಷಕ್ಕೆ 1 ವರ್ಷ ಹೊಣೆಗಾರ. ಆ ಒಂದು ವರ್ಷ ಬೇಗ ಮುಗಿಯುತ್ತದೆ, ಅದರಲ್ಲೂ ನೀವು ಊರಿನಲ್ಲಿದ್ದು ಮನೆಗೆ ಬೀಗ ಹಾಕಿದ್ದರೆ.

ಕಡಲ ಉಪ್ಪುಗಾಳಿ ಏನು ಮಾಡುತ್ತದೆಂದು ಉಳ್ಳಾಲ, ಕಾಪು, ಕಾರವಾರದವರಿಗೆ ಹೇಳಿಕೊಡಬೇಕಿಲ್ಲ. ಕಿಟಕಿಯ ಸರಳು ಐದು ವರ್ಷದಲ್ಲಿ ಪದರ ಪದರವಾಗಿ ಏಳುತ್ತದೆ. ಅಲ್ಲಿ ಅದಕ್ಕೆ ಮರಳಿನ ಧೂಳೂ ಸೇರುತ್ತದೆ. ಹಳೆಯ ಮನೆಯಾದರೆ ಎಸಿಯ ಹೊರ ಘಟಕದ ತಾಮ್ರದ ಸುರುಳಿ, ಬಾಲ್ಕನಿಯ ಕಟಕಟೆಯ ಬುಡ, ಜಾರುವ ಬಾಗಿಲಿನ ಚಕ್ರಗಳು, ನೆಲಮಾಳಿಗೆಯ ಕಂಬಗಳಲ್ಲಿ ಕಬ್ಬಿಣ ಉಬ್ಬಿ ಸಿಮೆಂಟು ಬಿಟ್ಟಿದೆಯೇ ಎಂಬುದು, ಈ ನಾಲ್ಕನ್ನು ಕೈಯಿಂದ ಮುಟ್ಟಿ ನೋಡಿ. 2024ರ ಏಪ್ರಿಲ್ 16ರ ಮಳೆಗೆ ದುಬೈಯ ರಸ್ತೆಗಳೂ ನೆಲಮಾಳಿಗೆಗಳೂ ತುಂಬಿಹೋಗಿದ್ದವು. ಆ ದಿನ ಈ ಕಟ್ಟಡದ ಪಾರ್ಕಿಂಗಿಗೆ ಎಷ್ಟು ನೀರು ಬಂತು ಎಂದು ಏಜೆಂಟನನ್ನಲ್ಲ, ಗೇಟಿನ ಕಾವಲುಗಾರನನ್ನು ಕೇಳಿ. ಅವನು ನಿಜ ಹೇಳುತ್ತಾನೆ.

ಹಂತ 9: ಭಾರತದ ತೆರಿಗೆ, ವೀಸಾ, ವಿಲ್

‘ತೆರಿಗೆಯೇ ಇಲ್ಲ’ ಎಂಬ ಮಾತು ಅರ್ಧ ಸತ್ಯ. ದುಬೈಯಲ್ಲಿ ವ್ಯಕ್ತಿಯ ಬಾಡಿಗೆ ಆದಾಯಕ್ಕೆ ತೆರಿಗೆ ಇಲ್ಲ. ಆದರೆ ನೀವು ಭಾರತದ ತೆರಿಗೆ ನಿವಾಸಿಯಾಗಿದ್ದರೆ ನಿಮ್ಮ ಜಾಗತಿಕ ಆದಾಯಕ್ಕೆ ಇಲ್ಲಿ ತೆರಿಗೆ ಇದೆ. ಅಲ್ಲಿನ ಬಾಡಿಗೆಯನ್ನೂ, ಮಾರಿದಾಗಿನ ಲಾಭವನ್ನೂ ಇಲ್ಲಿನ ರಿಟರ್ನ್‌ನಲ್ಲಿ ತೋರಿಸಬೇಕು. ಬೆಂಗಳೂರಿನ ಫ್ಲ್ಯಾಟು ಮಾರಿ ಆ ಹಣದಿಂದ ದುಬೈಯಲ್ಲಿ ಕೊಂಡರೆ ಬಂಡವಾಳ ಲಾಭದ ವಿನಾಯಿತಿ ಸಿಗುತ್ತದೆಂದು ಹಲವರು ನಂಬಿದ್ದಾರೆ. 2014ರ ತಿದ್ದುಪಡಿಯ ನಂತರ ಹೊಸ ಮನೆ ಭಾರತದಲ್ಲೇ ಇರಬೇಕು. ಇದು ಲಕ್ಷಾಂತರ ರೂಪಾಯಿಯ ತಪ್ಪು.

ಮನೆಯಿಂದ ಒಂದು ರೂಪಾಯಿ ಆದಾಯ ಬಾರದಿದ್ದರೂ, ಸಾಮಾನ್ಯ ನಿವಾಸಿಯಾದವರು ಪ್ರತಿವರ್ಷ ರಿಟರ್ನ್‌ನ ಶೆಡ್ಯೂಲ್ ಎಫ್‌ಎ ಎಂಬ ಭಾಗದಲ್ಲಿ ಆ ಆಸ್ತಿಯನ್ನೂ ಅಲ್ಲಿನ ಬ್ಯಾಂಕ್ ಖಾತೆಯನ್ನೂ ನಮೂದಿಸಬೇಕು. ಐಟಿಆರ್ 1 ಎಂಬ ಸರಳ ನಮೂನೆ ಇವರಿಗೆ ಸಲ್ಲದು. ಈ ಭಾಗದ ವಿವರ ಕ್ಯಾಲೆಂಡರ್ ವರ್ಷಕ್ಕೆ ಸಂಬಂಧಿಸಿದ್ದು ಎಂಬುದೂ ಹಲವರಿಗೆ ತಪ್ಪುತ್ತದೆ. ಕಪ್ಪುಹಣ ಕಾಯ್ದೆಯಡಿ ನಮೂದಿಸದೆ ಬಿಟ್ಟದ್ದಕ್ಕೆ 10 ಲಕ್ಷ ರೂಪಾಯಿ ದಂಡ ವಿಧಿಸಬಹುದು. ಮೂಲ ವಿವರಿಸಲಾಗದ ಆಸ್ತಿಗಾದರೆ ಮೌಲ್ಯದ ಮೇಲೆ ಶೇ. 30 ತೆರಿಗೆ, ಅದರ ಮೂರು ಪಟ್ಟು ದಂಡ.

ವೀಸಾ ವಿಷಯದಲ್ಲಿ, 20 ಲಕ್ಷ ದಿರ್ಹಮ್ ಅಥವಾ ಅದಕ್ಕಿಂತ ಹೆಚ್ಚಿನ ಮೌಲ್ಯದ ಆಸ್ತಿ ಇದ್ದರೆ 10 ವರ್ಷದ ಗೋಲ್ಡನ್ ವೀಸಾಕ್ಕೆ ಅರ್ಜಿ ಹಾಕಬಹುದು. ಅದು ಅಲ್ಲಿ ವಾಸಿಸುವ ಹಕ್ಕು, ಪೌರತ್ವವಲ್ಲ. ವೀಸಾ ಚೀಟಿ ಸಿಕ್ಕಿದ ಮಾತ್ರಕ್ಕೆ ನೀವು ಭಾರತದ ತೆರಿಗೆಗೆ ಅನಿವಾಸಿಯಾಗುವುದೂ ಇಲ್ಲ, ಆ ಲೆಕ್ಕ ನೀವು ಎಲ್ಲಿ ಎಷ್ಟು ದಿನ ಇದ್ದಿರಿ ಎಂಬುದರ ಮೇಲೆ ನಿಂತಿದೆ.

ಕೊನೆಗೆ ವಿಲ್. ಒಂದೇ ಹೆಸರಿನಲ್ಲಿ ಮನೆ ಇದ್ದು ಆ ವ್ಯಕ್ತಿ ತೀರಿಕೊಂಡರೆ, ಊರಿನ ಉತ್ತರಾಧಿಕಾರ ಪತ್ರ ಹಿಡಿದುಕೊಂಡು ಅಲ್ಲಿಗೆ ಹೋದರೆ ಕೆಲಸ ಸುಲಭವಾಗಿ ಆಗುವುದಿಲ್ಲ. ದೃಢೀಕರಣ, ಅನುವಾದ, ನ್ಯಾಯಾಲಯ ಎಂದು ತಿಂಗಳುಗಳು ಕಳೆಯುತ್ತವೆ, ಅಷ್ಟರಲ್ಲಿ ಸರ್ವಿಸ್ ಚಾರ್ಜ್ ಏರುತ್ತಲೇ ಇರುತ್ತದೆ. ಮುಸ್ಲಿಮೇತರರು ದುಬೈ ಅಂತರರಾಷ್ಟ್ರೀಯ ಹಣಕಾಸು ಕೇಂದ್ರದ (ಡಿಐಎಫ್‌ಸಿ) ವಿಲ್ ನೋಂದಣಿ ವ್ಯವಸ್ಥೆಯಲ್ಲಿ ಅಥವಾ ದುಬೈ ನ್ಯಾಯಾಲಯದ ವ್ಯವಸ್ಥೆಯಡಿ ಅಲ್ಲಿನ ಆಸ್ತಿಗೆಂದೇ ಪ್ರತ್ಯೇಕ ವಿಲ್ ನೋಂದಾಯಿಸಬಹುದು. ಮುಸ್ಲಿಂ ಓದುಗರಿಗೆ ಶರಿಯತ್ ಪ್ರಕಾರದ ಪಾಲುಗಳು ಅನ್ವಯಿಸುವುದರಿಂದ ಅಲ್ಲಿನ ವಕೀಲರನ್ನು ಕಂಡು ಮಾತನಾಡುವುದು ಸರಿ. ಊರಿನಲ್ಲಿ ನೀವು ಈಗಾಗಲೇ ವಿಲ್ ಬರೆದಿದ್ದರೆ ಅದರಲ್ಲಿ ‘ನನ್ನ ಹಿಂದಿನ ಎಲ್ಲ ವಿಲ್‌ಗಳನ್ನು ರದ್ದುಪಡಿಸಿದ್ದೇನೆ’ ಎಂಬ ವಾಕ್ಯ ಸಾಮಾನ್ಯವಾಗಿ ಇರುತ್ತದೆ. ಎರಡು ವಿಲ್‌ಗಳಲ್ಲಿ ಯಾವುದನ್ನು ಆಮೇಲೆ ಬರೆದರೂ ಆ ವಾಕ್ಯ ಇನ್ನೊಂದನ್ನು ಅಳಿಸದಂತೆ, ಯಾವ ದೇಶದ ಆಸ್ತಿಗೆ ಯಾವ ವಿಲ್ ಎಂಬುದನ್ನು ಸ್ಪಷ್ಟವಾಗಿ ಬರೆಸಿ.